ರೊಟ್ಟಿಗೆ ಐದು ಸ್ಟಾರ್, ಹೊಗೆಗೆ ಕಳೆದದ್ದು ಎರಡು

ಮೊದಲೇ ಹೇಳಿಬಿಡುತ್ತೇನೆ, ನಾನೂ ಸಿಗರೇಟು ಸೇದುವವನೇ. ಹಾಗಾಗಿ ಇದನ್ನು ಹೊಗೆ ಕಂಡರಾಗದವನ ಗೊಣಗಾಟ ಅಂದುಕೊಳ್ಳಬೇಡಿ.

ವಿಜಯಪುರದಲ್ಲಿ ಗೋಳಗುಮ್ಮಟ ಹತ್ತಿಳಿದು ಹಸಿದು ಬಂದವರಿಗೆ ಈ ಖಾನಾವಳಿ ಒಳ್ಳೆಯ ಜಾಗ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕಡಿಯೋಕೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಎಣ್ಣೆಗಾಯಿಗೆ ನಾನು ಮೂರು ರೊಟ್ಟಿ ಜಾಸ್ತಿ ತಿಂದೆ.

ತೊಂದರೆ ಇರುವುದು ಕೈ ತೊಳೆಯುವ ಕಡೆ. ಗೋಡೆಗೆ ‘ಧೂಮಪಾನ ನಿಷೇಧ’ ಬೋರ್ಡು, ಅದರ ಕೆಳಗೇ ಇಬ್ಬರು ನಿಂತು ಸೇದುತ್ತಿದ್ದರು, ಬೂದಿ ಹಾಕೋಕೆ ಖಾನಾವಳಿಯವರೇ ಕೊಟ್ಟ ಸ್ಟೀಲ್ ಲೋಟ, ಫ್ಯಾನ್ ಗಾಳಿಗೆ ಹೊಗೆಯೆಲ್ಲ ನೇರ ತಟ್ಟೆಗೆ. ಮಾಲಕರಿಗೆ ಹೇಳಿದರೆ, ‘ದಿನಾ ಬರೋ ಗಿರಾಕಿ ಅದಾರ್ರೀ, ಹ್ಯಾಂಗ ಬ್ಯಾಡ ಅನ್ನೂದು?’ ಅಂದರು. ಸೇದುತ್ತಿದ್ದವರೊಬ್ಬರು, ‘ನಮ್ಮ ರೊಕ್ಕ, ನಮ್ಮ ಎದಿ, ನಿಮಗೇನ್ರೀ?’

ನಿಮ್ಮ ಎದೆ, ಒಪ್ಪಿದೆ. ಹಿಂದೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಅಕ್ಕಂದಿರದ್ದು? ನನಗೆ ಬೇಡ ಅನಿಸಿದರೆ ಎದ್ದು ಬೇರೆ ಕಡೆ ಹೋಗಬಹುದು. ಅವರಿಗೆ ದಿನವಿಡೀ ಅದೇ ಗಾಳಿ, ಮೇಲೆ ಒಲೆಯ ಹೊಗೆ ಬೇರೆ. ಪಕ್ಕದವರ ಹೊಗೆ ಕುಡಿದೇ ಸೇದದವರಿಗೂ ಹೃದಯದ ರೋಗ, ಕ್ಯಾನ್ಸರ್ ಬರುತ್ತದೆ ಅನ್ನುವುದು ಈಗ ಯಾರಿಗೂ ಹೊಸದಲ್ಲ.

ಕಾನೂನಿನಲ್ಲೂ ಗೊಂದಲವಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಹೋಟೆಲಿನೊಳಗೆ ಸೇದುವ ಹಾಗಿಲ್ಲ, ಮಾಲಕರು ಆಶ್‌ಟ್ರೇ, ಬೆಂಕಿಪೆಟ್ಟಿಗೆ ಕೊಡುವ ಹಾಗೂ ಇಲ್ಲ. ಲೋಟವಾದರೂ ಅಷ್ಟೇ ಅಲ್ವಾ? 30 ಅಥವಾ ಜಾಸ್ತಿ ಜನ ಕೂರುವ ಹೋಟೆಲಾದರೆ ಸೇದುವವರಿಗೆ ಬೇರೆಯೇ ಕೋಣೆ ಮಾಡಬಹುದು. ಇಲ್ಲಿರುವುದು ಆರು ಟೇಬಲ್ಲು. ನಮ್ಮ ರಾಜ್ಯದಲ್ಲಿ 2025ರಲ್ಲಿ ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ, ಬಿಡಿ ಸಿಗರೇಟು ಮಾರುವುದಕ್ಕೂ ನಿಷೇಧ ಬಂದಿದೆ. ಈ ಬಿಡಿ ಸಿಗರೇಟಿನ ವಿಷಯ ಮಾತ್ರ ನನಗೆ ಒಗ್ಗಿಲ್ಲ. ದಿನಕ್ಕೆ ಒಂದೇ ಸಾಕು ಅನ್ನುವವನ ಕೈಗೆ ಪೂರ್ತಿ ಪ್ಯಾಕ್ ಕೊಟ್ಟರೆ ಅವನು ಕಡಿಮೆ ಸೇದುತ್ತಾನಾ? ನಾನಂತೂ ಕಡಿಮೆ ಸೇದುವುದಿಲ್ಲ, ಜಾಸ್ತಿಯೇ ಸೇದುತ್ತೇನೆ.

ಆದರೆ ಊಟದ ಜಾಗದ ನಿಯಮಕ್ಕೆ ನನ್ನ ತಕರಾರಿಲ್ಲ. ಎದುರಿಗೇ ಬಯಲಿದೆ, ಬೇವಿನ ಮರವಿದೆ. ಊಟ ಮುಗಿಸಿ ನಾನು ಅಲ್ಲಿಗೇ ಹೋಗಿ ಸೇದಿದೆ, ಎರಡು ನಿಮಿಷದ ಕೆಲಸ, ಯಾರ ಸ್ವಾತಂತ್ರ್ಯವೂ ಹೋಗಲಿಲ್ಲ. ಮಾಲಕರು ಆ ಲೋಟ ತೆಗೆದು, ‘ಹೊರಗ ಹೋಗ್ರೀ ಅಣ್ಣಾರ’ ಅಂದಿದ್ದರೆ ಸಾಕಿತ್ತು.

ಒಟ್ಟು ಮೂರು ಸ್ಟಾರ್. ಮಕ್ಕಳಿದ್ದರೆ ಪಾರ್ಸಲ್ ತಗೊಳ್ಳಿ. ಶೇಂಗಾ ಹಿಂಡಿ ಕೇಳಿ ಹಾಕಿಸಿಕೊಳ್ಳಿ, ಮರೆಯುತ್ತಾರೆ.