ತೊಟ್ಟಿ ಹಾಲ್‌ನಲ್ಲಿ, ಫಿಲ್ಟರ್ ಹಿಂದಿನ ಕೋಣೆಯಲ್ಲಿ: ಕೊಡಗಿನ ಆರು ಮಳೆಗಾಲ ಕಂಡ ಮೇಲೆ

ನಾಪೋಕ್ಲು ಕಡೆಯ ಹಳೇ ತೋಟದ ಮನೆ ನಮ್ಮದು. ಹಾಲ್‌ನಲ್ಲಿ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮೀನಿನ ತೊಟ್ಟಿ ಇದೆ. ಅಂಚಿನವರೆಗೆ ತುಂಬಿದರೆ 540 ಲೀಟರ್ ಹಿಡಿಯುತ್ತೆ. ಸ್ಟ್ಯಾಂಡಿನ ಕೆಳಗೆ ಹಳೇ ಪೇಪರಿನ ಕಟ್ಟು ಬಿಟ್ಟರೆ ಏನೂ ಇಲ್ಲ. ಪಂಪು, ಹೀಟರು, ಸ್ಪಂಜು, ಬ್ಯಾಕ್ಟೀರಿಯಾ ಕೂರುವ ಸೆರಾಮಿಕ್ ಉಂಗುರಗಳು, ಎಲ್ಲ ಗೋಡೆಯಾಚೆ ಸಂಪ್‌ನಲ್ಲಿ, ಅಂದರೆ ಮೇಲಿನ ನೀರು ಇಳಿದು ಸೋಸಿಕೊಂಡು ವಾಪಸ್ ಹೋಗುವ ಇನ್ನೊಂದು ತೊಟ್ಟಿಯಲ್ಲಿ. ಮೈಸೂರಿನ ಒಂದು ಅಂಗಡಿಯವರು 2020ರ ಜನವರಿಯಲ್ಲಿ ಬಂದು ಅದನ್ನು ಸ್ಟೋರ್ ರೂಮಿನಲ್ಲಿ ಕೂರಿಸಿ ಹೋದರು. ಆಗ ಅವ್ವ ಹೇಳಿದ್ದು, "ಮನುಷ್ಯರ ಬಚ್ಚಲು ಸೋರ್ತಾ ಇದೆ, ನೀನು ಮೀನಿಗೆ ಬೇರೆ ಬಚ್ಚಲುಮನೆ ಮಾಡಿಸ್ತಿದ್ದೀಯಲ್ಲೋ."

ಅಂಗಡಿಯವರು ಇದನ್ನು ಮಾರಿದ್ದು 'ಸದ್ದಿರಲ್ಲ ಸಾರ್' ಅಂತ. ಸದ್ದಿಲ್ಲ ನಿಜ. ಆದರೆ ಕೊಡಗಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಮರ ಯಾವ ಲೈನಿನ ಮೇಲೆ ಬೀಳುತ್ತೋ ಗೊತ್ತಿಲ್ಲದ ಊರು ಇದು. ಕರೆಂಟ್ ಹೋದ ಕೂಡಲೇ ಮೇಲಿನ ನೀರು ಎಷ್ಟು ಕೆಳಗಿಳಿಯುತ್ತೆ, ಇಳಿದದ್ದಕ್ಕೆ ಸಂಪ್‌ನಲ್ಲಿ ಜಾಗ ಇದೆಯಾ? ನಾನು ಇದನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಜೂನ್ ಬಂತು. ಒಂದು ರಾತ್ರಿ ಗಾಳಿಗೆ ಕರೆಂಟ್ ಹೋಯಿತು. ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ತೆಗೆದರೆ ನೆಲವೆಲ್ಲ ನೀರು. ಬೆಲೆ ಏರಲಿ ಅಂತ ಮಾರ್ಚ್‌ನಿಂದ ಕಾದಿಟ್ಟಿದ್ದ ಕರಿಮೆಣಸಿನ ಚೀಲಗಳ ಬುಡ ನೆಂದು ಕೂತಿತ್ತು. ಮಳೆಗಾಲದಲ್ಲಿ ನೆಂದ ಮೆಣಸನ್ನು ಒಣಗಿಸೋದು ಎಲ್ಲಿ? ಒಂದು ಚೀಲಕ್ಕೆ ಬೂಷ್ಟು ಹಿಡಿದೇಬಿಟ್ಟಿತು.

ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರು ಇಳಿದರೆ 9 ಲೀಟರ್. ಪಂಪಿನಿಂದ ವಾಪಸ್ ಬರುವ ಪೈಪಿನ ಬಾಯಿ ನೀರಿನೊಳಗೆ 7 ಸೆಂಟಿಮೀಟರ್ ಮುಳುಗಿತ್ತು. ಪಂಪು ನಿಂತೊಡನೆ ಅದೇ ಪೈಪು ಸೈಫನ್ ಆಗಿ ಹಿಮ್ಮುಖವಾಗಿ ಎಳೆಯಿತು, ಬಾಯಿಗೆ ಗಾಳಿ ಸಿಗುವವರೆಗೆ. ಹತ್ತಿರ ಹತ್ತಿರ 63 ಲೀಟರ್. ಮೂರಡಿ ಉದ್ದ, ಹದಿನೈದು ಇಂಚು ಅಗಲ, ಅಷ್ಟೇ ಎತ್ತರದ ಸಂಪ್‌ನಲ್ಲಿ ಹತ್ತು ಇಂಚು ನೀರು ನಿಲ್ಲಿಸಿ ಓಡಿಸುತ್ತಿದ್ದೆವು. ಉಳಿದ ಜಾಗ 44 ಲೀಟರ್. ಸುಮಾರು ಒಂದೂವರೆ ಬಕೆಟ್ ಚೆಲ್ಲದೆ ಇನ್ನೇನಾಗುತ್ತೆ! ನಾಲ್ಕನೇ ಕ್ಲಾಸಿನ ಲೆಕ್ಕ ಇದು, ಮೈಸೂರಿಂದ ಕಾರಲ್ಲಿ ಬಂದವರು ಮಾಡಿರಲಿಲ್ಲ. ಫೋನ್ ಮಾಡಿದರೆ, "ನಾನ್ ರಿಟರ್ನ್ ವಾಲ್ವ್ ಹಾಕಿದ್ದೀವಲ್ಲ ಸಾರ್, ನೀರು ವಾಪಸ್ ಬರಬಾರದಿತ್ತು" ಅಂದರು. ವಾಲ್ವ್ ಬಿಚ್ಚಿ ನೋಡಿದೆ, ಎಲೆಯ ಒಂದು ಚೂರು ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಿರಲಿಲ್ಲ. ಅವತ್ತಿನಿಂದ ಆ ವಾಲ್ವ್ ಇದ್ದರೂ ಇಲ್ಲ ಅಂದುಕೊಂಡೇ ಲೆಕ್ಕ ಹಾಕುತ್ತೇನೆ.

ಸರಿಪಡಿಸಿದ್ದು ನಾನೇ. ಮೊದಲು ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆದೆ, ಗಾಳಿ ಎಳೆದು ಸೈಫನ್ ಕಡಿಯಲಿ ಅಂತ. ಎರಡು ತಿಂಗಳಲ್ಲಿ ಪಾಚಿ ಕಟ್ಟಿ ತೂತು ಮುಚ್ಚಿತು. ಕೊನೆಗೆ ಪೈಪಿನ ಬಾಯನ್ನೇ ಮೇಲೆತ್ತಿ ಎರಡು ಸೆಂಟಿಮೀಟರ್ ಮಾತ್ರ ಮುಳುಗುವಂತೆ ಮಾಡಿದೆ. ಈಗ ಕರೆಂಟ್ ಹೋದರೆ ಇಳಿಯೋದು 18 ಲೀಟರ್, ಜೊತೆಗೆ ಪೈಪಿನಲ್ಲಿದ್ದ ನೀರು. ಸಂಪ್ ಆರಾಮವಾಗಿ ನುಂಗಿಕೊಳ್ಳುತ್ತೆ. ಹೊಸದಾಗಿ ಮಾಡಿಸುವವರು ಕೂರಿಸಲು ಬಂದವರ ಎದುರಿಗೇ ಪಂಪಿನ ಸ್ವಿಚ್ ಹತ್ತು ಸಲ ಆರಿಸಿ ಹಾಕಿ ನೋಡಿ. ಅದಾದ ಮೇಲೆ ದುಡ್ಡು ಕೊಡಿ.

ಸದ್ದಿನ ವಿಷಯ. ಮೊದಲ ತಿಂಗಳು ಕೆಳಗಿಳಿಯುವ ಪೈಪು ಹಂಡೆ ಬರಿದಾಗುವ ಹಾಗೆ ಗಟಗಟ ಅನ್ನುತ್ತಿತ್ತು. ನೀರು ಗಾಳಿ ಬೆರೆತು ಬಂದರೆ ಹೀಗೇ. ಒಂದು ಪೈಪಿನ ತುದಿಯಲ್ಲಿ, ಸಂಪ್ ಹತ್ತಿರ, ಗೇಟ್ ವಾಲ್ವ್ ಹಾಕಿ ಅದನ್ನು ಒಂಚೂರು ಬಿಗಿಮಾಡಿದರೆ ಪೈಪು ಪೂರ್ತಿ ತುಂಬಿ ಹರಿಯುತ್ತೆ, ಸದ್ದು ನಿಲ್ಲುತ್ತೆ. ಪಕ್ಕದಲ್ಲಿ ಎರಡನೇ ಪೈಪು ಖಾಲಿಯೇ ಇರಬೇಕು. ಮೊದಲನೆಯದಕ್ಕೆ ಏನಾದರೂ ಸಿಕ್ಕಿಕೊಂಡರೆ ನೀರು ಅದರಲ್ಲಿ ಹೋಗಲಿ. ಬೇರೆ ಕೋಣೆ ಅಂದಮೇಲೆ ಪೈಪು ಅಡ್ಡ ಮಲಗುತ್ತದಲ್ಲ, ಗಾಳಿ ಅಲ್ಲೇ ಸಿಕ್ಕಿಬೀಳೋದು. ಇಳಿಜಾರು ಕೊಡಿ, 90 ಡಿಗ್ರಿ ಎಲ್ಬೋ ಬದಲು 45ರ ಎರಡು ಬೆಂಡ್ ಹಾಕಿ. ಪೈಪಿನ ತುದಿ ಸಂಪ್ ನೀರಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿದರೆ ಸಾಕು. ಆಳಕ್ಕೆ ಇಳಿಸಿದರೆ ಗಾಳಿ ಹೊರಗೆ ಹೋಗಲಾರದೆ ಒದ್ದಾಡುತ್ತೆ.

ಇನ್ನು 2022ರ ತಪ್ಪು ಪೂರಾ ನನ್ನದು. ಕಾಫಿ ತೋಟದ ಸ್ಟೋರ್ ರೂಮಿನಲ್ಲಿ ಏನೇನಿರುತ್ತೆ ಅಂತ ತೋಟದವರಿಗೆ ಗೊತ್ತು. ಎಲೆ ತುಕ್ಕಿಗೂ ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೆಣಸಿಗಾದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ; ಎಲೆ ತುಕ್ಕಿಗೆ ಅದರ ಅರ್ಧ. ಆ ಮೇ ತಿಂಗಳಲ್ಲಿ ನಾನು ಮನೆಯಲ್ಲಿರಲಿಲ್ಲ. ಸಂಪ್‌ಗೆ ನೀರು ಕಮ್ಮಿಯಾಗಿದೆ ಅಂತ ಕೆಲಸದ ಹುಡುಗ ಅಲ್ಲೇ ಇದ್ದ ಬಕೆಟ್‌ನಲ್ಲಿ ನೀರು ತಂದು ಸುರಿದ. ಅದು ಮೈಲುತುತ್ತ ಕರಗಿಸುತ್ತಿದ್ದ ಬಕೆಟ್. ಎರಡು ದಿನದಲ್ಲಿ ತೊಟ್ಟಿಯ ಬಸವನಹುಳುಗಳೆಲ್ಲ ಸತ್ತವು, ಸಿಗಡಿಗಳೂ ಹೋದವು. ಮೀನು ಉಳಿದದ್ದು ಅದೃಷ್ಟ. ತಾಮ್ರ ಅಂದರೆ ಇಂಥ ಜೀವಿಗಳಿಗೆ ಚಿಟಿಕೆಯಷ್ಟೂ ವಿಷ, ಸುಣ್ಣದಂಶ ಕಮ್ಮಿಯಿರುವ ನಮ್ಮ ಕಡೆಯಂಥ ಮೆದು ನೀರಿನಲ್ಲಂತೂ ಅದರ ಹೊಡೆತ ಇನ್ನೂ ಜೋರು. ಹುಡುಗನನ್ನು ಬಯ್ಯೋಕೆ ಬಾಯಿ ಬರಲಿಲ್ಲ. ಮೈಲುತುತ್ತದ ಪಕ್ಕ ಮೀನಿನ ನೀರು ಇಟ್ಟವನು ಯಾರು?

ಆ ವರ್ಷವೇ ಸಂಪನ್ನು ಅಲ್ಲಿಂದ ಎತ್ತಿದೆ. ಹೋಗಿದ್ದೆಲ್ಲಿಗೆ ಅಂದರೆ, ಅವ್ವನ ಬಾಯಲ್ಲಿ ಬಂದ ಜಾಗಕ್ಕೇ: ಬಚ್ಚಲುಮನೆಗೆ ಅಂಟಿಕೊಂಡ ಸೌದೆ ಕೋಣೆ. ಮೊದಲೇ ಇಲ್ಲಿ ಮಾಡಿಸಬೇಕಿತ್ತು. ನೆಲಕ್ಕೆ ಇಳಿಜಾರಿದೆ, ನೀರು ಹೋಗಲು ಮೋರಿ ಇದೆ. ಚೆಲ್ಲಿದರೂ ಯಾರ ಮೆಣಸೂ ನೆನೆಯಲ್ಲ. ಅದಕ್ಕಿಂತ ದೊಡ್ಡ ಲಾಭ ಹಂಡೆಯ ಒಲೆ. ಗೋಡೆಯ ಆಚೆ ಬೆಳಿಗ್ಗೆ ಸಂಜೆ ಉರಿಯುವುದರಿಂದ ಈ ಕೋಣೆ ಚಳಿಗಾಲದಲ್ಲೂ ಸ್ಟೋರ್ ರೂಮಿಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗೆ. ಹಳೇ ಗೋಡೆ ಒಂದೂವರೆ ಅಡಿ ದಪ್ಪ, ಕೋರ್ ಕಟಿಂಗ್ ಮಿಷನ್ನಿನಿಂದ ಎರಡು ತೂತು ಕೊರೆಯಲು ಒಂದು ಇಡೀ ದಿನ ಹಿಡಿಯಿತು.

ಪೈಪು ಎಂಟು ಮೀಟರ್ ಆಯಿತು. ಡಬ್ಬದ ಮೇಲೆ ಗಂಟೆಗೆ 5000 ಲೀಟರ್ ಅಂತ ಬರೆದ ಪಂಪಿನಿಂದ ಮೇಲೆ ಬರುವ ನೀರನ್ನು ಬಕೆಟ್ ಹಿಡಿದು ಅಳೆದೆ. 15 ಲೀಟರ್ ತುಂಬಲು 22 ಸೆಕೆಂಡ್, ಅಂದರೆ ಗಂಟೆಗೆ 2450ರ ಆಸುಪಾಸು. ಎತ್ತರ, ಉದ್ದ, ಬೆಂಡುಗಳು ಅರ್ಧ ನುಂಗಿದವು. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ತಿರುಗುತ್ತೆ, ನನಗೆ ಸಾಕು. ನೀವು ಕೊಳ್ಳುವಾಗ ಡಬ್ಬದ ಅಂಕಿಯ ಅರ್ಧ ಹಿಡಿಯಿರಿ.

ಕರೆಂಟ್ ಬಿಲ್ಲಿನಲ್ಲಿ ಪಂಪಿನ ಪಾಲು ಏನೂ ಅಲ್ಲ. 40 ವ್ಯಾಟ್, ದಿನಕ್ಕೆ ಒಂದು ಯೂನಿಟ್ಟಿಗೂ ಕಮ್ಮಿ. ತಿನ್ನೋದು ಹೀಟರ್. 300 ವ್ಯಾಟಿನದು ಡಿಸೆಂಬರ್‌ನಲ್ಲಿ ಅರ್ಧ ದಿನ ಉರಿದರೂ ತಿಂಗಳಿಗೆ ನೂರು ಯೂನಿಟ್ ದಾಟುತ್ತೆ. ಸಂಪ್‌ನ ಮೂರು ಬದಿಗೆ ಥರ್ಮೋಕೋಲ್ ಅಂಟಿಸಿದೆ, ಪೈಪಿಗೆ ಎಸಿಯವರು ಹಾಕುವ ಕಪ್ಪು ಫೋಮ್ ಸುತ್ತಿದೆ. ನಿಜವಾಗಿ ಬಿಲ್ ಇಳಿಸಿದ್ದು ಮೀನು ಬದಲಿಸಿದ್ದು. 27 ಡಿಗ್ರಿ ಬೇಡುವ ಏಂಜಲ್‌ಗಳನ್ನು ಭಾವನಿಗೆ ಕೊಟ್ಟು, ಸಾಕಣೆ ಕೇಂದ್ರದಲ್ಲಿ ಬೆಳೆದ ಮಿಸ್ ಕೇರಳ ಮೀನು ತಂದೆ. ನಮ್ಮದೇ ಘಟ್ಟದ ಹೊಳೆಯ ಮೀನು, 22 ಡಿಗ್ರಿಗೆ ಖುಷಿಯಾಗಿರುತ್ತೆ, ಹರಿಯುವ ನೀರು ಕೊಟ್ಟರೆ ಇಡೀ ದಿನ ಓಡಾಡುತ್ತೆ. ಆದರೆ ನೀರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ತಡೆಯಲ್ಲ, ಅದಕ್ಕೇ ಪಂಪನ್ನು ಇನ್ವರ್ಟರ್‌ಗೆ ಕೊಟ್ಟಿದ್ದೇನೆ. 150 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದಾಗ ಪಂಪು ಒಂದನ್ನೇ ಒಂದು ದಿನ ಧಾರಾಳವಾಗಿ ಓಡಿಸುತ್ತಿತ್ತು. ಈಗ ಹದಿನಾಲ್ಕು ಗಂಟೆಗೆ ಕೂಗುತ್ತೆ. ಹೀಟರನ್ನು ಇನ್ವರ್ಟರ್‌ಗೆ ಕೊಡಲೇಬೇಡಿ.

ಮೆದು ನೀರಿನದು ಇನ್ನೊಂದು ಕಥೆ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನ ಕ್ಷಾರ ಸವೆಯುತ್ತೆ. ನಮ್ಮ ಬಾವಿ ನೀರಿನಲ್ಲಿ ಸವೆಯಲು ಏನಿದೆ? ಪಿಎಚ್ ಆರಕ್ಕಿಂತ ಕೆಳಗಿಳಿದು ಬ್ಯಾಕ್ಟೀರಿಯಾವೇ ಮಂಕಾಯಿತು, ಅಮೋನಿಯಾ ಟೆಸ್ಟ್ ಹಸಿರು ತೋರಿಸತೊಡಗಿತು. ತೋಟದ ಹುಳಿ ಮಣ್ಣಿಗೆ ಸುಣ್ಣ ಎರಚುವ ನಮಗೆ ತೊಟ್ಟಿಗೂ ಅದೇ ಮದ್ದು ಅಂತ ಹೊಳೆಯಲು ಒಂದು ವರ್ಷ ಬೇಕಾಯಿತು! ಸುಣ್ಣವನ್ನೇ ಹಾಕಿದರೆ ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತೆ. ಮಂಗಳೂರಿಂದ ತಂದ ಕಪ್ಪೆಚಿಪ್ಪು ಜಜ್ಜಿ, ಬಲೆಚೀಲದಲ್ಲಿ ಒಂದು ಹಿಡಿ ಸಂಪ್‌ನಲ್ಲಿ ತೂಗಿಬಿಟ್ಟಿದ್ದೇನೆ. ನಿಧಾನವಾಗಿ ಕರಗುತ್ತೆ. ಇಂಥದ್ದನ್ನೆಲ್ಲ ಹಾಲ್‌ನ ತೊಟ್ಟಿಗೆ ಕೈಹಾಕದೆ ಹಿಂದಿನ ಕೋಣೆಯಲ್ಲೇ ಮಾಡಬಹುದು. ಸ್ಪಂಜು ಹಿಂಡೋದಕ್ಕೂ ಅಷ್ಟೇ, ಪಕ್ಕದಲ್ಲೇ ಮೋರಿ. ಕೈಗೆ ಸುಲಭ ಆದದ್ದರಿಂದಲೇ ವಾರಕ್ಕೊಮ್ಮೆ ತಪ್ಪದೆ ತೊಳೆಯುತ್ತಿದ್ದೇನೆ.

ಮೂರಡಿಗಿಂತ ಸಣ್ಣ ತೊಟ್ಟಿಯವರು ಈ ಗೋಜಿಗೆ ಹೋಗಬೇಡಿ. ಬಾಡಿಗೆ ಮನೆಯವರಂತೂ ಗೋಡೆ ಕೊರೆಯೋಕೆ ಕೇಳಲೂ ಬೇಡಿ. ನನಗೆ ಎರಡು ಸಲದ ಪೈಪು, ವಾಲ್ವು, ಕೊರೆಸಿದ್ದು, ಸಂಪು, ಪಂಪು ಸೇರಿ ಮೂವತ್ತು ಸಾವಿರ ದಾಟಿತು, ಮೆಣಸಿನ ಚೀಲ ಬಿಟ್ಟು. ಸ್ವಂತ ಮನೆ, ದೊಡ್ಡ ತೊಟ್ಟಿ, ಮೋರಿ ಇರುವ ಕೋಣೆ, ಈ ಮೂರೂ ಇದ್ದರೆ ಧೈರ್ಯವಾಗಿ ಮಾಡಿಸಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಉಳಿದ ಒಂದು ಸೌದೆ ಕೋಣೆಯ ಹಳೇ ಬಾಡಿಗೆದಾರರ ಲೆಕ್ಕ. ಮಳೆಗಾಲದಲ್ಲಿ ಮರಗಪ್ಪೆ ಸಂಪ್‌ಗೆ ಹಾರುತ್ತಿತ್ತು, ಸೊಳ್ಳೆಪರದೆ ಬಿಗಿದ ಮೇಲೆ ನಿಂತಿದೆ. ಇಲಿಗಳು ಮಾತ್ರ ಪೈಪಿನ ಫೋಮನ್ನು ಕಿತ್ತು ಗೂಡು ಕಟ್ಟುತ್ತಲೇ ಇವೆ. ಈ ವರ್ಷ ಇದು ಮೂರನೇ ಸುತ್ತು ಫೋಮ್.