ಆಯಿಲ್ ಸ್ಟಾಪ್‌ಲೀಕ್ ಬಾಟಲಿ: ಯಾವ ಸೋರಿಕೆಗೆ ನಾಟುತ್ತೆ?

ಮೈಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುವ, ಎಂಜಿನ್ ಆಯಿಲ್‌ಗೆ ಬೆರೆಸುವ ಈ ಬಾಟಲಿಯ ದ್ರವ ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಉಬ್ಬಿಸುತ್ತೆ, ಅಷ್ಟೇ. ಕ್ರ್ಯಾಂಕ್ ಸೀಲಿನಿಂದ (ಎಂಜಿನ್ನಿನ ಮುಖ್ಯ ತಿರುಗು ದಂಡದ ತುದಿಯ ರಬ್ಬರ್ ಬಳೆ) ಹನಿಹನಿ ಜಿನುಗುತ್ತಿದ್ದರೆ ಹಾಕಿ ನೋಡಬಹುದು. ಫಲ ಕಾಣಲು ಕೆಲವು ನೂರು ಕಿಲೋಮೀಟರ್ ಓಡಬೇಕು. ಹರಿದ ಗ್ಯಾಸ್ಕೆಟ್‌ಗೆ, ಸವೆದ ಪಿಸ್ಟನ್ ರಿಂಗ್‌ಗೆ ಸುರಿದರೆ ದುಡ್ಡು ದಂಡ.

ಆಯಿಲ್ ಒಳಗೇ ಉರಿಯುತ್ತಿದೆಯಾ ಅಂತ ತಿಳಿಯಲು ಮೊದಲು ಹೊಗೆ ನೋಡಿ. ಚಾಮುಂಡಿ ಬೆಟ್ಟ ಹತ್ತುವಾಗ ಎಳೆತದಲ್ಲಿ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಗೇರಲ್ಲೇ ಬೆಟ್ಟ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಗುಪ್ಪೆಂದರೆ ವಾಲ್ವ್ ಸೀಲ್. ಪೆಟ್ರೋಲ್ ಕಾರಾದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ಸ್ಪಾರ್ಕ್ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಅಂಕಿ ಚೆನ್ನಾಗಿ ಏರಿದರೆ ರಿಂಗೇ.

ಎಂಜಿನ್ ಒಳಗಿನ ಅನಿಲ ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿ, ಟಕಟಕ ಅನ್ನಬೇಕು. ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಒಳ್ಳೇ ಸೀಲೂ ಸೋರುತ್ತೆ. ಬಾಟಲಿ ಸುರಿದ ಮೇಲೂ ಆಯಿಲ್ ಡಿಪ್‌ಸ್ಟಿಕ್‌ನ ಮೇಲ್ಗೆರೆ ದಾಟಬಾರದು.