ಹಳೇ ಶಾಸಕರ ಲೆಕ್ಕ ತೆಗೆಯಲು ಆಯೋಗದ ಅಂಕಿಅಂಶ ವರದಿ: ಗಟ್ಟಿ ಸರಕು, ಒರಟು ಬಳಕೆ

ಶಿವಮೊಗ್ಗ ಜಿಲ್ಲೆಯ ಹಿರಿಯ ಶಾಸಕರೊಬ್ಬರು ಎಷ್ಟು ಸಲ ನಿಂತರು, ಎಷ್ಟು ಸಲ ಗೆದ್ದರು, ಯಾವ ಪಕ್ಷದಿಂದ ಎಂದು ನೋಡಲು ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಅಂಕಿಅಂಶ ವರದಿಗಳಷ್ಟು ನಂಬಿಕಸ್ತ ದಾಖಲೆ ಬೇರೆ ಇಲ್ಲ. ದುಡ್ಡು ಕೊಡಬೇಕಿಲ್ಲ, ನೋಂದಣಿ ಇಲ್ಲದೆಯೂ ಓದಬಹುದು. ಆದರೆ ಹುಡುಕುವವನಿಗೆ ಅನುಕೂಲವಾಗಲಿ ಎಂದು ಯಾರೂ ಜೋಡಿಸಿಟ್ಟಂತಿಲ್ಲ.

ಮೊದಲ ತೊಡಕು ರಾಜ್ಯದ ಹೆಸರಿನದ್ದೇ. 1972ರವರೆಗಿನ ಚುನಾವಣೆಗಳು ಮೈಸೂರು ರಾಜ್ಯದ ಹೆಸರಿನಲ್ಲಿವೆ, 1978ರಿಂದ ಈಚಿನವು ಕರ್ನಾಟಕದಲ್ಲಿ. ಕರ್ನಾಟಕವನ್ನಷ್ಟೇ ತೆರೆದರೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಿಗುವುದೇ ಇಲ್ಲ. 1952, 1962, 1967ರ ಅವರ ಮೂರೂ ಗೆಲುವು ಮೈಸೂರಿನ ಕಡತದಲ್ಲಿವೆ.

ಪಿಡಿಎಫ್ ತೆರೆದ ಕೂಡಲೇ ಫಲಿತಾಂಶಕ್ಕೆ ಹಾರಬೇಡಿ. ಆರಂಭದಲ್ಲಿರುವ ಪಕ್ಷಗಳ ಸಂಕೇತಾಕ್ಷರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸೊರಬದ ಎಸ್. ಬಂಗಾರಪ್ಪನವರದ್ದು 1989ರಲ್ಲಿ ಕಾಂಗ್ರೆಸ್, 1994ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ. ಸಂಕೇತ ನೋಡದೆ ಓದಿದರೆ ಎರಡೂ ಒಂದೇ ಆಗಿಬಿಡುತ್ತದೆ. ಕ್ಷೇತ್ರದ ಕ್ರಮಸಂಖ್ಯೆಯನ್ನೂ ನೆಚ್ಚಬೇಡಿ. ಸಾಗರ ಈಗ 117, ತೀರ್ಥಹಳ್ಳಿ 114. ಇವು 2008ರ ಪುನರ್ವಿಂಗಡಣೆಯ ಸಂಖ್ಯೆಗಳು, ಹಳೇ ವರದಿಗೆ ಹೊಂದುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಹೆಸರಿನಲ್ಲಿ. ಎಲ್ಲವೂ ಇಂಗ್ಲಿಷಿನಲ್ಲಿದ್ದು, ಒಂದು ವರ್ಷದ ಕಾಗುಣಿತ ಇನ್ನೊಂದು ವರ್ಷಕ್ಕಿಲ್ಲ. ಸಾಗರದಲ್ಲಿ ಬರೀ ‘ತಿಮ್ಮಪ್ಪ’ ಎಂದು ಹುಡುಕಿ ಎಣಿಸಿದರೆ ಎಲ್.ಟಿ. ತಿಮ್ಮಪ್ಪ ಹೆಗಡೆಯವರ ಗೆಲುವೂ ಕಾಗೋಡು ತಿಮ್ಮಪ್ಪನವರ ಖಾತೆಗೆ ಬೀಳುತ್ತದೆ. ಹರತಾಳು ಹಾಲಪ್ಪನವರ ವಿಷಯ ಉಲ್ಟಾ: ವ್ಯಕ್ತಿ ಒಬ್ಬರೇ, ಕ್ಷೇತ್ರ ಮೂರು. 2004ರಲ್ಲಿ ಹೊಸನಗರ, 2008ರಲ್ಲಿ ಸೊರಬ, 2018ರಲ್ಲಿ ಸಾಗರ. ಹೊಸನಗರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ರದ್ದಾಗಿದ್ದು ಗೊತ್ತಿಲ್ಲದವರು ಅಲ್ಲಿಗೇ ಕೈಚೆಲ್ಲುತ್ತಾರೆ.

ವರದಿಯ ದೊಡ್ಡ ಕೊರತೆ ಬೇರೆಯೇ ಇದೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಆಮೇಲಿನ ಉಪಚುನಾವಣೆ ಇರುವುದಿಲ್ಲ, ವಿಧಾನ ಪರಿಷತ್ತಂತೂ ಇಲ್ಲವೇ ಇಲ್ಲ. ಶಿಕಾರಿಪುರದಲ್ಲಿ ಯಡಿಯೂರಪ್ಪ 2013ರಲ್ಲಿ ಕೆಜೆಪಿ (ಕರ್ನಾಟಕ ಜನತಾ ಪಕ್ಷ), 2018ರಲ್ಲಿ ಬಿಜೆಪಿ ಎಂದಷ್ಟೇ ಕಾಣುತ್ತದೆ. ನಡುವೆ 2014ರಲ್ಲಿ ಅವರು ಲೋಕಸಭೆಗೆ ಹೋಗಿದ್ದು, ತೆರವಾದ ಕ್ಷೇತ್ರದಲ್ಲಿ ಮಗ ರಾಘವೇಂದ್ರ ಗೆದ್ದಿದ್ದು ಇವೆರಡರಲ್ಲೂ ಇಲ್ಲ. 1999ರಲ್ಲಿ ಸೋತ ಯಡಿಯೂರಪ್ಪ ಪರಿಷತ್ತಿಗೆ ಹೋದದ್ದಕ್ಕೂ ಸುಳಿವಿಲ್ಲ. ವರದಿಯನ್ನೇ ನಂಬಿದರೆ 2004ರವರೆಗೆ ಮನೆಯಲ್ಲಿ ಕೂತಿದ್ದರು ಎನ್ನಬೇಕು!

ಆಸ್ತಿ ನೋಡುವವರು ಇದರ ಜೊತೆ ಅಭ್ಯರ್ಥಿಗಳ ನಮೂನೆ 26ರ ಪ್ರಮಾಣಪತ್ರವನ್ನೂ (ನಾಮಪತ್ರದ ಜೊತೆ ಕೊಡುವ ಆಸ್ತಿ ಘೋಷಣೆ) ತೆಗೆಯಬೇಕು. ಅಂಥ ಘೋಷಣೆ ಕಡ್ಡಾಯವಾಗಿದ್ದು 2002–03ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ, ಹಾಗಾಗಿ ಅದಕ್ಕೂ ಹಿಂದಿನದು ಸಿಗದು. ಮಲೆನಾಡಿನವರ ಪ್ರಮಾಣಪತ್ರದಲ್ಲಿ ರೂಪಾಯಿ ಮೊತ್ತ ಹೋಲಿಸಿ ಪ್ರಯೋಜನ ಕಮ್ಮಿ: ತೋಟದ ಮಾರುಕಟ್ಟೆ ಬೆಲೆ ಅವರವರ ಅಂದಾಜು, ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಸರ್ವೆ ನಂಬರು ಮತ್ತು ಎಕರೆ-ಗುಂಟೆ ಹಿಡಿದು ಎರಡು ಚುನಾವಣೆಯ ಪಟ್ಟಿ ಪಕ್ಕಪಕ್ಕ ಇಡಿ. ಹೊಸದಾಗಿ ಸೇರಿದ್ದು, ಕೈಬಿಟ್ಟದ್ದು ತಾನಾಗಿಯೇ ಎದ್ದು ಕಾಣುತ್ತದೆ.

ಸದನದಲ್ಲಿ ಮಾಡಿದ್ದೇನು ಎನ್ನುವುದಕ್ಕೆ ವಿಧಾನಸಭೆಯ ನಡವಳಿಯೇ, ಅಂದರೆ ಕಲಾಪದ ಅಧಿಕೃತ ದಾಖಲೆಯೇ ಗತಿ. ಎಷ್ಟು ಪ್ರಶ್ನೆ ಕೇಳಿದರು ಎಂದು ಎಣಿಸಿ ಅಂಕ ಕೊಡುವ ಈಚಿನ ಚಾಳಿ ಹಿರಿಯ ಶಾಸಕರ ವಿಷಯದಲ್ಲಿ ಶುದ್ಧ ತಪ್ಪು. ಕಾಗೋಡು 2013ರಿಂದ 2016ರವರೆಗೆ ಸಭಾಧ್ಯಕ್ಷರು, ಆಮೇಲೆ ಕಂದಾಯ ಮಂತ್ರಿ. ಪೀಠದಲ್ಲಿದ್ದವರು ಪ್ರಶ್ನೆ ಕೇಳುವುದಿಲ್ಲ, ಮಂತ್ರಿಯಾದವರು ಉತ್ತರ ಕೊಡುತ್ತಾರೆ. ವಿರೋಧ ಪಕ್ಷದಲ್ಲಿ ಕೂತಿದ್ದ ವರ್ಷಗಳ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವಂಥದ್ದು), ಗಮನ ಸೆಳೆಯುವ ಸೂಚನೆಗಳನ್ನು ಓದಿದರೆ ಆಸಾಮಿಯ ಕಸುಬು ತಿಳಿಯುತ್ತದೆ.

ನಡವಳಿಯಲ್ಲಿ ಪದ ಹಾಕಿ ಹುಡುಕುವ ಆಸೆ ಇಟ್ಟುಕೊಳ್ಳಬೇಡಿ. ಹಳೆಯವು ಸ್ಕ್ಯಾನ್ ಪುಟಗಳು. ಯೂನಿಕೋಡ್ ಅಲ್ಲದ ಹಳೇ ಫಾಂಟಿನ ಕಡತವಾದರೆ ನಕಲು ಮಾಡಿದಾಗ ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಹಳೇ ಪತ್ರಿಕೆಯಲ್ಲಿ ಅಧಿವೇಶನದ ಸುದ್ದಿ ಹುಡುಕಿ, ಕಲಾಪ ನಡೆದ ದಿನಾಂಕ ಗುರುತಿಸಿಕೊಂಡು, ಆ ದಿನದ ನಡವಳಿಯನ್ನೇ ತೆರೆಯುವುದು ಬೇಗ. ಪತ್ರಿಕೆಯ ದಿನಾಂಕ ಒಂದು ದಿನ ಮುಂದಿರುತ್ತದೆ, ಆ ಒಂದು ದಿನ ಕಳೆದು ಲೆಕ್ಕ ಹಾಕಿ.